ಲಂಡನ್–ಸಿಡ್ನಿ: 17,000 ಕಿಲೋಮೀಟರ್ ದಾರಿಯಲ್ಲಿ ಎಲ್ಲಿ ಇಳಿದು ಹತ್ತುವುದು?

ಲಂಡನ್‌ನಿಂದ ಸಿಡ್ನಿಗೆ ಟಿಕೆಟ್ ಹುಡುಕಲು ಕೂತರೆ ಊರುಗಳ ಮೆರವಣಿಗೆಯೇ ಬರುತ್ತದೆ. ಸಿಂಗಪುರ, ದುಬೈ, ದೋಹಾ, ಅಬುಧಾಬಿ, ಹಾಂಗ್‌ಕಾಂಗ್, ಶಾಂಘೈ, ಟೋಕಿಯೊ, ಪರ್ತ್, ಕೊನೆಗೆ ಲಾಸ್ ಏಂಜಲೀಸ್ ಕೂಡ. ಒಂದು 22 ಗಂಟೆ ಅನ್ನುತ್ತದೆ, ಇನ್ನೊಂದು 31 ಅನ್ನುತ್ತದೆ. ಯಾವುದು ಹತ್ತಿರದ ದಾರಿ, ಯಾವುದು ಸುತ್ತು ಅಂತ ಲೆಕ್ಕ ಹಾಕುವುದರಲ್ಲೇ ಅರ್ಧ ರಾತ್ರಿ ಕಳೆಯುತ್ತದೆ. ನಾನು ಈ ದಾರಿಯಲ್ಲಿ ನಾಲ್ಕು ಬೇರೆ ಬೇರೆ ಕಡೆ ಇಳಿದು ಹತ್ತಿ ಹೋಗಿ ಬಂದಿದ್ದೇನೆ. ಅದರಿಂದ ಕಲಿತದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಈ ಎರಡು ಊರುಗಳ ನಡುವೆ ಕಿಲೋಮೀಟರ್ ನೋಡಿ ದಾರಿ ಆರಿಸಬೇಡಿ. ಒಟ್ಟು ಗಂಟೆ ನೋಡಿ ಕೂಡ ಆರಿಸಬೇಡಿ. ಪ್ರಯಾಣ ಎಷ್ಟೆಷ್ಟು ಗಂಟೆಯ ತುಂಡುಗಳಾಗಿ ಒಡೆಯುತ್ತದೆ, ನಿದ್ದೆ ಯಾವ ತುಂಡಿನಲ್ಲಿ ಬೀಳುತ್ತದೆ, ಸಿಡ್ನಿಯಲ್ಲಿ ಎಷ್ಟು ಹೊತ್ತಿಗೆ ಇಳಿಯುತ್ತೀರಿ, ಈ ಮೂರನ್ನು ನೋಡಿ.

ದೂರ ಎಲ್ಲ ಕಡೆಯಿಂದಲೂ ಹೆಚ್ಚುಕಮ್ಮಿ ಒಂದೇ

ಲಂಡನ್‌ನ ಹೀಥ್ರೂ ನಿಲ್ದಾಣದಿಂದ ಸಿಡ್ನಿಗೆ ಭೂಮಿಯ ಮೇಲ್ಮೈ ಹಿಡಿದು ಅಳೆದರೆ ಅತಿ ಕಡಿಮೆ ದೂರ ಸುಮಾರು 17,016 ಕಿಲೋಮೀಟರ್. ಭೂಮಿಯ ಸುತ್ತಳತೆ ಸುಮಾರು 40,000 ಕಿಲೋಮೀಟರ್. ಅಂದರೆ ಯಾವ ಎರಡು ಊರುಗಳ ನಡುವೆಯೂ 20,000ಕ್ಕಿಂತ ಜಾಸ್ತಿ ದೂರ ಇರುವುದಕ್ಕೆ ಸಾಧ್ಯವಿಲ್ಲ. ಸಿಡ್ನಿ ಆ ಗಡಿಗೆ ಬರೀ 3,000 ಕಿಲೋಮೀಟರ್ ಈಚೆ ಇದೆ. ಲಂಡನ್ ಮಟ್ಟಿಗೆ ಅದು ಭೂಮಿಯ ಆಚೆ ಮಗ್ಗುಲು ಅಂತಲೇ ಲೆಕ್ಕ.

ಇದರಿಂದ ಒಂದು ವಿಚಿತ್ರ ಲಾಭ ಇದೆ. ಒಂದು ಚೆಂಡು ತಗೊಳ್ಳಿ. ಅದರ ನೆತ್ತಿಯಿಂದ ತಳಕ್ಕೆ ದಾರ ಎಳೆಯಿರಿ. ಯಾವ ಕಡೆಯಿಂದ ಎಳೆದರೂ ದಾರದ ಉದ್ದ ಒಂದೇ, ಅಲ್ವಾ? ತಳದಿಂದ ಸ್ವಲ್ಪ ಪಕ್ಕಕ್ಕೆ ಸರಿದರೆ ಉದ್ದದಲ್ಲಿ ಸ್ವಲ್ಪ ವ್ಯತ್ಯಾಸ ಬರುತ್ತದೆ, ಅಷ್ಟೇ. ಲಂಡನ್ ಮತ್ತು ಸಿಡ್ನಿಯ ಕಥೆಯೂ ಇದೇ. ಹತ್ತಿರದ ಎರಡು ಊರುಗಳ ನಡುವೆ ಅಡ್ಡದಾರಿ ಹಿಡಿದರೆ ದೂರ ದುಪ್ಪಟ್ಟಾಗಬಹುದು. ಇಲ್ಲಿ ಹಾಗಾಗುವುದಿಲ್ಲ.

ಲೆಕ್ಕ ನೋಡಿ. ಸಿಂಗಪುರ ಮುಟ್ಟಿ ಹೋದರೆ 10,880 ಮತ್ತು 6,290, ಒಟ್ಟು 17,170 ಕಿಲೋಮೀಟರ್. ನೇರ ದಾರಿಗಿಂತ 150 ಕಿಲೋಮೀಟರ್ ಜಾಸ್ತಿ, ವಿಮಾನಕ್ಕೆ ಅದು ಹತ್ತು ನಿಮಿಷದ ಮಾತು. ಹಾಂಗ್‌ಕಾಂಗ್ ಇನ್ನೂ ಹತ್ತಿರ, ಒಟ್ಟು 17,035ರ ಆಸುಪಾಸು. ದುಬೈ ಆದರೆ 17,550. ದೋಹಾ 17,600. ಪರ್ತ್ ಆಸ್ಟ್ರೇಲಿಯಾದಲ್ಲೇ ಇದೆ, ಆದರೂ ಅದರ ಮೂಲಕ 17,780 ಆಗುತ್ತದೆ. ಪಶ್ಚಿಮಕ್ಕೆ ತಿರುಗಿ ಲಾಸ್ ಏಂಜಲೀಸ್ ಕಡೆಯಿಂದ ಹೋದರೆ ಮಾತ್ರ 20,800 ದಾಟುತ್ತದೆ. ಅದೊಂದನ್ನು ಬಿಟ್ಟರೆ ಉಳಿದವುಗಳಲ್ಲಿ ಅತಿ ಕಡಿಮೆಗೂ ಅತಿ ಜಾಸ್ತಿಗೂ ನಡುವಿನ ಅಂತರ ಒಂದು ಗಂಟೆಯ ಹಾರಾಟಕ್ಕಿಂತ ಕಡಿಮೆ. ಹಾಗಾದರೆ 22 ಗಂಟೆಗೂ 31 ಗಂಟೆಗೂ ವ್ಯತ್ಯಾಸ ಎಲ್ಲಿಂದ ಬಂತು? ನಿಲ್ದಾಣದಲ್ಲಿ ಕೂತು ಕಾಯುವುದರಿಂದ.

ಇನ್ನೊಂದು ಮಾತು. ನಕ್ಷೆಯ ಮೇಲಿನ ಕಿಲೋಮೀಟರನ್ನು ವಿಮಾನ ಯಾವತ್ತೂ ಹಾಗೆಯೇ ಹಾರುವುದಿಲ್ಲ. ಗಾಳಿ ಎಲ್ಲಿ ಬೆನ್ನಿಗೆ ಸಿಗುತ್ತದೆ, ಯಾವ ದೇಶದ ಆಕಾಶ ಮುಚ್ಚಿದೆ, ಇದನ್ನೆಲ್ಲ ನೋಡಿ ದಾರಿ ಬದಲಾಗುತ್ತದೆ. ಅಂದಾಜು ಬೇಕಿದ್ದರೆ ದೂರವನ್ನು 900ರಿಂದ ಭಾಗಿಸಿ, ವಿಮಾನ ಮೇಲೇರಿ ಇಳಿಯುವುದಕ್ಕೆ ಅಂತ ಅರ್ಧ ಗಂಟೆ ಸೇರಿಸಿ. ಹತ್ತಿರ ಹತ್ತಿರ ಸರಿ ಬರುತ್ತದೆ. ಉತ್ತರಾರ್ಧದಲ್ಲಾಗಲಿ ದಕ್ಷಿಣಾರ್ಧದಲ್ಲಾಗಲಿ ಮೇಲಿನ ಜೋರು ಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಹಾಗಾಗಿ ಸಿಡ್ನಿಗೆ ಹೋಗುವಾಗ ಬೇಗ, ಲಂಡನ್‌ಗೆ ವಾಪಸ್ ಬರುವಾಗ ತಡ. ಒಟ್ಟು ಒಂದರಿಂದ ಒಂದೂವರೆ ಗಂಟೆ ವ್ಯತ್ಯಾಸ ಬರುವುದು ಮಾಮೂಲು.

ಟಿಕೆಟ್ ಮೇಲಿನ ಗಡಿಯಾರ ಓದುವುದು

ಇಲ್ಲಿ ತುಂಬಾ ಜನ ಎಡವುತ್ತಾರೆ. ಟಿಕೆಟ್ ಮೇಲೆ ಇರುವುದು ಆಯಾ ಊರಿನ ಸಮಯ. ಲಂಡನ್‌ಗೂ ಸಿಡ್ನಿಗೂ ನಡುವಿನ ಅಂತರ ವರ್ಷವಿಡೀ ಒಂದೇ ಇರುವುದಿಲ್ಲ. ಎರಡೂ ಕಡೆ ಬೇಸಿಗೆಯಲ್ಲಿ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ. ಅಲ್ಲಿ ಬೇಸಿಗೆ ಇದ್ದಾಗ ಇಲ್ಲಿ ಚಳಿಗಾಲ. ಹಾಗಾಗಿ ಜುಲೈನಲ್ಲಿ ಸಿಡ್ನಿ 9 ಗಂಟೆ ಮುಂದಿರುತ್ತದೆ, ಜನವರಿಯಲ್ಲಿ 11 ಗಂಟೆ. ಲಂಡನ್ ಗಡಿಯಾರ ಬದಲಾಗುವುದು ಮಾರ್ಚ್ ಮತ್ತು ಅಕ್ಟೋಬರ್‌ನ ಕೊನೆಯ ಭಾನುವಾರ, ಸಿಡ್ನಿಯದು ಏಪ್ರಿಲ್ ಮತ್ತು ಅಕ್ಟೋಬರ್‌ನ ಮೊದಲ ಭಾನುವಾರ. ಈ ಎರಡರ ನಡುವಿನ ಕೆಲವು ದಿನ ಅಂತರ 10 ಗಂಟೆ.

ಉದಾಹರಣೆಗೆ ಜನವರಿಯಲ್ಲಿ ಸೋಮವಾರ ರಾತ್ರಿ 8:30ಕ್ಕೆ ಲಂಡನ್ ಬಿಟ್ಟು ಬುಧವಾರ ಬೆಳಗ್ಗೆ 6ಕ್ಕೆ ಸಿಡ್ನಿ ಸೇರುವ ಟಿಕೆಟ್ ಇದೆ ಅಂದುಕೊಳ್ಳಿ. ನೋಡಲು 33 ಗಂಟೆ 30 ನಿಮಿಷ ಆಗಿ ಕಾಣುತ್ತದೆ. ಅದರಲ್ಲಿ 11 ಕಳೆದರೆ 22 ಗಂಟೆ 30 ನಿಮಿಷ. ಈ ದಾರಿಗೆ ಅದು ತುಂಬಾ ಒಳ್ಳೆಯ ಸಮಯ. ವಾಪಸ್ ಬರುವಾಗ ಉಲ್ಟಾ. ಸಿಡ್ನಿಯಿಂದ ಸಂಜೆ 4ಕ್ಕೆ ಹೊರಟು ಮಾರನೇ ಬೆಳಗ್ಗೆ 5ಕ್ಕೆ ಹೀಥ್ರೂ ಸೇರಿದರೆ ಬರೀ 13 ಗಂಟೆ ಅನಿಸುತ್ತದೆ, ನಿಜವಾಗಿ 24. ಮಂಗಳವಾರ ಅನ್ನುವ ದಿನ ಹೋಗುವಾಗ ವಿಮಾನದೊಳಗೇ ಕಳೆದುಹೋಗುತ್ತದೆ. ಮದುವೆ, ಪರೀಕ್ಷೆ, ಮೀಟಿಂಗ್ ಏನೇ ಇರಲಿ, ಅದನ್ನು ಲೆಕ್ಕಕ್ಕೆ ಹಿಡಿಯದೆ ಟಿಕೆಟ್ ಮಾಡಬೇಡಿ.

ಸಿಂಗಪುರ: ನನ್ನ ಮೊದಲ ಆಯ್ಕೆ

ಇದು ಹಳೇ ದಾರಿ. 1935ರಲ್ಲಿ ಬ್ರಿಟನ್ನಿನ ಇಂಪೀರಿಯಲ್ ಏರ್‌ವೇಸ್ ಮತ್ತು ಆಸ್ಟ್ರೇಲಿಯಾದ ಕ್ವಾಂಟಾಸ್ ಕಂಪನಿ ಸೇರಿ ಲಂಡನ್‌ಗೂ ಬ್ರಿಸ್ಬೇನ್‌ಗೂ ನಡುವೆ ಪ್ರಯಾಣಿಕರನ್ನು ಒಯ್ಯಲು ಶುರು ಮಾಡಿದಾಗಲೂ ಸಿಂಗಪುರ ಮಧ್ಯದಲ್ಲಿತ್ತು. ಆಗ ಇಡೀ ಪ್ರಯಾಣಕ್ಕೆ ಹನ್ನೆರಡೂವರೆ ದಿನ, ಯುರೋಪಿನ ಒಂದು ಭಾಗವನ್ನು ರೈಲಿನಲ್ಲೇ ದಾಟಬೇಕಿತ್ತು. 1947ರ ಡಿಸೆಂಬರ್ 1ರಂದು ಕ್ವಾಂಟಾಸ್ ಸಿಡ್ನಿಯಿಂದ ಲಂಡನ್‌ಗೆ ಕಾನ್‌ಸ್ಟೆಲೇಷನ್ ವಿಮಾನ ಹಾರಿಸಿತು. ಡಾರ್ವಿನ್, ಸಿಂಗಪುರ, ಕಲ್ಕತ್ತಾ, ಕರಾಚಿ, ಕೈರೋ, ಟ್ರಿಪೋಲಿ ಎಲ್ಲ ಮುಟ್ಟಿ ನಾಲ್ಕು ದಿನದಲ್ಲಿ ಲಂಡನ್ ಸೇರಿತು. ಇಷ್ಟು ಸಲ ನೆಗೆಯುತ್ತಾ ಹೋಗುವ ದಾರಿ ಅಂತ ಅದಕ್ಕೆ ಕಾಂಗರೂ ರೂಟ್ ಅನ್ನುವ ಹೆಸರು ಉಳಿದುಕೊಂಡಿತು. ಈಗ ಮಧ್ಯದಲ್ಲಿ ಒಂದೇ ಕಡೆ ಇಳಿಯುವುದು.

ಲಂಡನ್‌ನಿಂದ ಸಿಂಗಪುರಕ್ಕೆ ಸುಮಾರು 13 ಗಂಟೆ, ಅಲ್ಲಿಂದ ಸಿಡ್ನಿಗೆ ಎಂಟಕ್ಕೆ ಸ್ವಲ್ಪ ಕಡಿಮೆ. ಈ ಭಾಗ ನನಗೆ ಯಾಕೆ ಇಷ್ಟ ಅಂದರೆ, 13 ಗಂಟೆಯ ತುಂಡಿನಲ್ಲಿ ನಿಜವಾಗಿ ನಿದ್ದೆ ಮಾಡಬಹುದು. ಹೊರಟ ಮೇಲೆ ಊಟಕ್ಕೆ ಎರಡು ಗಂಟೆ, ಇಳಿಯುವ ಮುಂಚೆ ತಿಂಡಿಗೆ ಎರಡು ಗಂಟೆ ದೀಪ ಹಾಕುತ್ತಾರೆ. ಅದನ್ನು ಕಳೆದರೂ ಮಧ್ಯೆ ಎಂಟು ಒಂಬತ್ತು ಗಂಟೆ ಕತ್ತಲು ಸಿಗುತ್ತದೆ. ಇಳಿದು, ಕೈಕಾಲು ಆಡಿಸಿ, ಮುಖ ತೊಳೆದು ಮತ್ತೆ ಹತ್ತಿದರೆ ಉಳಿದದ್ದು ಭಾರ ಅನಿಸುವುದಿಲ್ಲ. ಕಷ್ಟದ ಭಾಗ ಮೊದಲೇ ಮುಗಿದಿರುತ್ತದೆ.

ಕ್ವಾಂಟಾಸ್ ಮತ್ತು ಬ್ರಿಟಿಷ್ ಏರ್‌ವೇಸ್ ಎರಡಕ್ಕೂ ಲಂಡನ್–ಸಿಂಗಪುರ–ಸಿಡ್ನಿ ಒಂದೇ ನಂಬರಿನ ವಿಮಾನ ಇದೆ. ಸಿಂಗಪುರ್ ಏರ್‌ಲೈನ್ಸ್‌ನಲ್ಲಿ ಹೋದರೆ ಸಿಂಗಪುರದ ಚಾಂಗಿ ನಿಲ್ದಾಣದಲ್ಲಿ ವಿಮಾನ ಬದಲಾಯಿಸಬೇಕು. ವಯಸ್ಸಾದವರು ಒಬ್ಬರೇ ಹೋಗುತ್ತಿದ್ದರೆ ಒಂದೇ ನಂಬರಿನದ್ದೇ ವಾಸಿ. ಇಳಿದು ಒಂದೂವರೆ ಗಂಟೆ ಇದ್ದು ಎಲ್ಲರ ಜೊತೆ ಮತ್ತೆ ಹತ್ತುವುದು, ದಾರಿ ತಪ್ಪುವ ಭಯ ಇಲ್ಲ. ಆದರೆ ಒಳಗೇ ಕೂತಿರಲು ಬಿಡುವುದಿಲ್ಲ, ಕೈಚೀಲ ಎಲ್ಲ ತಗೊಂಡು ಇಳಿಯಬೇಕು. ಮತ್ತೆ ಹತ್ತುವಾಗ ಗೇಟ್ ಹತ್ತಿರವೇ ಇನ್ನೊಮ್ಮೆ ಸೆಕ್ಯುರಿಟಿ ತಪಾಸಣೆ. ಲಂಡನ್‌ನಲ್ಲಿ ಕೊಂಡ ನೀರಿನ ಬಾಟಲಿ ಅಲ್ಲೇ ಹೋಗುತ್ತದೆ. ಡ್ಯೂಟಿ ಫ್ರೀಯಲ್ಲಿ ಸುಗಂಧ, ಮದ್ಯ ಏನಾದರೂ ಕೊಂಡರೆ ಅಂಗಡಿಯವರು ಸೀಲ್ ಮಾಡಿದ ಚೀಲದಲ್ಲೇ ಕೊಡಲಿ, ಸಿಡ್ನಿ ಸೇರುವವರೆಗೂ ಒಡೆಯಬೇಡಿ.

ಹೊರಡುವ ಹೊತ್ತಿನಲ್ಲಿ ಎರಡು ಥರ. ರಾತ್ರಿ 8–9ಕ್ಕೆ ಹೀಥ್ರೂ ಬಿಟ್ಟರೆ ಮಾರನೇ ಸಂಜೆ ಸಿಂಗಪುರ, ಅದರ ಮಾರನೇ ಬೆಳಗ್ಗೆ ಆರಕ್ಕೆ ಸಿಡ್ನಿ. ಎರಡು ರಾತ್ರಿ ವಿಮಾನದಲ್ಲೇ. ಬೆಳಗ್ಗೆ 11ರ ಸುಮಾರಿಗೆ ಹೊರಟರೆ ಮಾರನೇ ಬೆಳಗ್ಗೆ ಸಿಂಗಪುರ, ಅದೇ ದಿನ ರಾತ್ರಿ 8ರ ಹೊತ್ತಿಗೆ ಸಿಡ್ನಿ. ಒಂದೇ ರಾತ್ರಿ ಮೇಲೆ, ಇಳಿದ ಮೇಲೆ ಸೀದಾ ಹಾಸಿಗೆ. ನಾನು ಎರಡೂ ಮಾಡಿದ್ದೇನೆ. ಎರಡನೆಯದರಲ್ಲಿ ನಾಲ್ಕನೇ ದಿನಕ್ಕೆ ಮಾಮೂಲಿಗೆ ಬಂದೆ. ಮೊದಲನೆಯದರಲ್ಲಿ ಬೆಳಗ್ಗೆ ಆರಕ್ಕೆ ಇಳಿದು, ಇಡೀ ದಿನ ಕಣ್ಣು ಬಿಟ್ಟುಕೊಂಡಿರಲು ಒದ್ದಾಡಿ, ಮಧ್ಯಾಹ್ನ ಮೂರಕ್ಕೆ ಸೋತು ಮಲಗಿ, ರಾತ್ರಿ ಹನ್ನೊಂದಕ್ಕೆ ಎದ್ದು ಕೂತಿದ್ದೆ. ವಾರ ಪೂರ್ತಿ ಹಾಗೇ ಆಯಿತು. ಟಿಕೆಟ್ ದರದಲ್ಲಿ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಬೆಳಗಿನ ವಿಮಾನ ಹಿಡಿಯಿರಿ ಅಂತ ಒತ್ತಿ ಹೇಳುತ್ತೇನೆ.

ಪರ್ತ್: ಉದ್ದದ ನೆಗೆತ ಒಂದೇ ಸಲ

2018ರ ಮಾರ್ಚ್‌ನಲ್ಲಿ ಕ್ವಾಂಟಾಸ್ ಪರ್ತ್‌ನಿಂದ ಲಂಡನ್‌ಗೆ ಎಲ್ಲೂ ನಿಲ್ಲದ ವಿಮಾನ ಶುರು ಮಾಡಿತು. 14,498 ಕಿಲೋಮೀಟರ್, ಬೋಯಿಂಗ್ 787-9. ಲಂಡನ್‌ನಿಂದ ಪರ್ತ್‌ಗೆ 17 ಗಂಟೆಗೆ ಸ್ವಲ್ಪ ಕಡಿಮೆ, ಆ ಕಡೆಯಿಂದ ಬರುವಾಗ 17 ದಾಟುತ್ತದೆ. ಪರ್ತ್‌ನಿಂದ ಸಿಡ್ನಿಗೆ ನಾಲ್ಕು ಗಂಟೆ, ವಾಪಸ್ ಐದು.

ಕೇಳಲು ಚೆನ್ನಾಗಿದೆ. ಆದರೆ ನೀವು ಹೋಗಬೇಕಾದ್ದು ಸಿಡ್ನಿಗೆ ಅಂದರೆ ಇದರಿಂದ ಸಮಯ ಉಳಿಯುವುದಿಲ್ಲ. 17 ಮತ್ತು 4 ಸೇರಿದರೆ 21, ಸಿಂಗಪುರದ 13 ಮತ್ತು 8 ಸೇರಿದರೂ 21. ನಿಮ್ಮ ಊರು ಪರ್ತ್ ಆಗಿದ್ದರೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಸಿಡ್ನಿಗಾದರೆ 17 ಗಂಟೆ ಒಂದೇ ಸೀಟಿನಲ್ಲಿ ಕೂರಲು ಮೈ ಒಪ್ಪುತ್ತದೆಯೇ ಅನ್ನುವುದೇ ಪ್ರಶ್ನೆ. ಮಕ್ಕಳು ಒಮ್ಮೆ ಮಲಗಿದರೆ ಏಳಿಸಬಾರದು ಅನ್ನುವವರಿಗೆ ಸರಿ. ಮಂಡಿ ನೋವಿರುವವರಿಗೆ, ಉದ್ದ ಕಾಲಿನವರಿಗೆ ಬೇಡ. ನಾಲ್ಕು ಗಂಟೆಗಿಂತ ಜಾಸ್ತಿ ಕೂತಲ್ಲೇ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಹಿಂದೆ ಆ ತೊಂದರೆ ಆಗಿದ್ದವರು, ಈಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಈ ವಿಮಾನ ಬುಕ್ ಮಾಡಲೇಬಾರದು. ಒಂದು ಒಳ್ಳೆಯದೂ ಇದೆ: 787ರ ಒಳಗಿನ ಗಾಳಿಯ ಒತ್ತಡ 6,000 ಅಡಿ ಎತ್ತರದಲ್ಲಿ ಇರುವಷ್ಟು, ಹಳೇ ವಿಮಾನಗಳಲ್ಲಿ 8,000 ಅಡಿವರೆಗೂ ಹೋಗುತ್ತದೆ. ಇಳಿದಾಗ ತಲೆ ಅಷ್ಟು ಭಾರ ಇರುವುದಿಲ್ಲ, ಇದು ನನಗೆ ಅನುಭವಕ್ಕೆ ಬಂದದ್ದು. ಸೀಟು ಮಾತ್ರ ಎರಡು ಅಂತಸ್ತಿನ ದೊಡ್ಡ ಏರ್‌ಬಸ್ ಎ380ಗಿಂತ ಇಕ್ಕಟ್ಟು.

ಪರ್ತ್‌ನಲ್ಲಿ ದೇಶದೊಳಗಿನ ವಿಮಾನಕ್ಕೆ ಬದಲಾಯಿಸುವುದಾದರೆ ಇಮಿಗ್ರೇಷನ್, ಲಗೇಜ್, ಕಸ್ಟಮ್ಸ್ ಎಲ್ಲ ಅಲ್ಲೇ ಆಗುತ್ತದೆ. ಆಸ್ಟ್ರೇಲಿಯಾದಲ್ಲಿ ತಿನ್ನುವ ವಸ್ತುಗಳ ತಪಾಸಣೆ ಕಟ್ಟುನಿಟ್ಟು, ಚೀಲದಲ್ಲಿ ಇರುವುದನ್ನೆಲ್ಲ ಇಳಿಯುವವರು ತುಂಬಿ ಕೊಡುವ ಕಾರ್ಡಿನಲ್ಲಿ ಬರೆದುಬಿಡಿ. ನಡುವೆ ಎರಡು ಗಂಟೆಗಿಂತ ಕಡಿಮೆ ಇಟ್ಟುಕೊಳ್ಳಬೇಡಿ.

ಈ ವಿಮಾನ ಎಷ್ಟು ಅಂಚಿನಲ್ಲಿ ಹಾರುತ್ತದೆ ಅನ್ನುವುದಕ್ಕೆ ಒಂದು ಸಂಗತಿ. 2024ರ ಏಪ್ರಿಲ್‌ನಲ್ಲಿ ಇರಾನಿನ ಆಕಾಶ ತಪ್ಪಿಸಿ ಹಾರಬೇಕಾಗಿ ಬಂದಾಗ ಪರ್ತ್‌ನಿಂದ ಲಂಡನ್‌ಗೆ ಹೋಗುವ ವಿಮಾನ ಇಂಧನಕ್ಕಾಗಿ ಸಿಂಗಪುರದಲ್ಲಿ ಇಳಿಯಬೇಕಾಯಿತು. ಲಂಡನ್‌ನಿಂದ ಪರ್ತ್‌ಗೆ ಬರುವುದು ಮಾತ್ರ ಬೆನ್ನ ಹಿಂದಿನ ಗಾಳಿಯಿಂದಾಗಿ ನಿಲ್ಲದೆಯೇ ಬರುತ್ತಿತ್ತು. ಒಂದೇ ದಾರಿ, ಎರಡು ದಿಕ್ಕಿಗೆ ಎರಡು ಲೆಕ್ಕ.

ದುಬೈ, ದೋಹಾ, ಅಬುಧಾಬಿ

ಇಲ್ಲಿ ತುಂಡುಗಳು ಉಲ್ಟಾ. ಮೊದಲು 7 ಗಂಟೆ, ಆಮೇಲೆ 14. ಮೊದಲ ತುಂಡು ಚಿಕ್ಕದು ಅಂತ ಖುಷಿ ಪಡಬೇಡಿ. ರಾತ್ರಿ ಎಂಟಕ್ಕೆ ಹೊರಟರೆ ಊಟ ಮುಗಿಯುವಾಗ ಹತ್ತೂವರೆ, ಇಳಿಯುವ ಎರಡು ಗಂಟೆ ಮುಂಚೆ ತಿಂಡಿಗೆ ದೀಪ. ಮಧ್ಯೆ ಸಿಗುವುದು ಎರಡೂವರೆ ಮೂರು ಗಂಟೆ. ಆ ರಾತ್ರಿ ಕೆಟ್ಟಂತೆಯೇ. ಕೆಲವು ಟಿಕೆಟ್‌ಗಳಲ್ಲಿ ರಾತ್ರಿ ಒಂದು ಎರಡು ಗಂಟೆಗೆ ನಿಲ್ದಾಣದಲ್ಲಿ ಇಳಿದು ಓಡಾಡಬೇಕು. ಆ ಹೊತ್ತಿನಲ್ಲಿ ಅಲ್ಲಿ ಜನಜಂಗುಳಿ ಇರುತ್ತದೆ, ಏಕೆಂದರೆ ಪೂರ್ವಕ್ಕೂ ಪಶ್ಚಿಮಕ್ಕೂ ಹೋಗುವ ವಿಮಾನಗಳೆಲ್ಲ ಒಂದೇ ಹೊತ್ತಿಗೆ ಬಂದು ಹೊರಡುವ ಹಾಗೆ ವೇಳಾಪಟ್ಟಿ ಮಾಡಿರುತ್ತಾರೆ.

ಹಾಗಂತ ತಳ್ಳಿಹಾಕುವಂತಿಲ್ಲ. ನೀವು ಲಂಡನ್‌ನವರಲ್ಲ, ಮ್ಯಾಂಚೆಸ್ಟರ್, ಬರ್ಮಿಂಗ್‌ಹ್ಯಾಮ್, ಗ್ಲಾಸ್ಗೋ ಕಡೆಯವರು ಅಂದರೆ ನಿಮಗೆ ಇದೇ ಸರಿ. ಆ ಊರುಗಳಿಂದಲೇ ದುಬೈಗೆ ವಿಮಾನ ಇದೆ. ಹೀಥ್ರೂವರೆಗೆ ಲಗೇಜ್ ಎಳೆದುಕೊಂಡು ಹೋಗುವ ನಾಲ್ಕೈದು ಗಂಟೆ ಉಳಿಯುತ್ತದೆ. ಅದನ್ನು ಯಾವ ಟಿಕೆಟ್ ಸೈಟೂ ಲೆಕ್ಕ ಹಾಕಿ ತೋರಿಸುವುದಿಲ್ಲ. ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ ಗಂಟೆ ಎಣಿಸಿ. ವಿಮಾನಗಳ ಸಂಖ್ಯೆಯೂ ಇಲ್ಲಿ ಜಾಸ್ತಿ, ಒಂದು ತಪ್ಪಿದರೆ ಇನ್ನೊಂದು ಬೇಗ ಸಿಗುತ್ತದೆ. ಕ್ವಾಂಟಾಸ್ ಕೂಡ 2013ರಲ್ಲಿ ತನ್ನ ಲಂಡನ್ ವಿಮಾನವನ್ನು ಸಿಂಗಪುರದಿಂದ ದುಬೈಗೆ ಬದಲಾಯಿಸಿತ್ತು. 2018ರಲ್ಲಿ ಮತ್ತೆ ಸಿಂಗಪುರಕ್ಕೇ ವಾಪಸಾಯಿತು.

ಕೊಲ್ಲಿಯ ಆಕಾಶ ಒಮ್ಮೊಮ್ಮೆ ಏಕಾಏಕಿ ಮುಚ್ಚುತ್ತದೆ. 2025ರ ಜೂನ್ 23ರಂದು ಕತಾರ್ ತನ್ನ ಆಕಾಶವನ್ನು ಕೆಲವು ಗಂಟೆ ಮುಚ್ಚಿದಾಗ ದಾರಿಮಧ್ಯದಲ್ಲಿದ್ದ ವಿಮಾನಗಳು ಬೇರೆ ಬೇರೆ ಊರುಗಳಲ್ಲಿ ಇಳಿದವು. ಈ ದಾರಿ ಆರಿಸಿದರೆ ಹೊರಡುವ ವಾರ ಸುದ್ದಿ ನೋಡುತ್ತಿರಿ, ಬೇಕಾದ ಔಷಧಿಯನ್ನು ಎರಡು ದಿನಕ್ಕೆ ಹೆಚ್ಚಾಗಿಯೇ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಹಾಂಗ್‌ಕಾಂಗ್, ಚೀನಾ, ಜಪಾನ್

ನಕ್ಷೆಯ ಪ್ರಕಾರ ಇದೇ ನೇರವಾದ ದಾರಿ. ಆದರೆ 2022ರ ಫೆಬ್ರವರಿಯಿಂದ ಬ್ರಿಟನ್ನಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿದೆ. ಜಪಾನಿನ ಕಂಪನಿಗಳೂ ಅದರ ಮೇಲೆ ಹಾರುವುದನ್ನು ಬಿಟ್ಟಿವೆ. ಲಂಡನ್‌ನಿಂದ ಟೋಕಿಯೊಗೆ ಮೊದಲು 12 ಗಂಟೆಯ ಆಸುಪಾಸು ಆಗುತ್ತಿತ್ತು, ಈಗ 14ರ ಹತ್ತಿರ. ಚೀನಾದ ಮುಖ್ಯ ನೆಲದ ಕಂಪನಿಗಳು ಮಾತ್ರ ಈಗಲೂ ರಷ್ಯಾ ಮೇಲಿಂದಲೇ ಹಾರುತ್ತವೆ. ಹಾಗಾಗಿ ಅವರದ್ದು ಬೇಗ ತಲುಪುತ್ತದೆ, ಅನೇಕ ಸಲ ದರವೂ ಕಡಿಮೆ. ದುಡ್ಡು ಉಳಿಸುವುದೇ ಮುಖ್ಯ ಅಂದರೆ ಮೊದಲು ಅಲ್ಲಿ ಹುಡುಕಿ.

ಎರಡು ವಿಷಯ ನೋಡಿಕೊಳ್ಳಿ. ಮಧ್ಯೆ ಕಾಯುವ ಸಮಯ ಹತ್ತು ಹನ್ನೆರಡು ಗಂಟೆ ಇರಬಹುದು, 31 ಗಂಟೆಯ ಟಿಕೆಟ್‌ಗಳು ಹುಟ್ಟುವುದು ಹೀಗೆ. ಇನ್ನೊಂದು, ಟೋಕಿಯೊಗೆ ಹನೇಡಾ ಮತ್ತು ನರಿಟಾ ಅಂತ ಎರಡು ನಿಲ್ದಾಣ, ಶಾಂಘೈಗೆ ಪುಡಾಂಗ್ ಮತ್ತು ಹಾಂಗ್‌ಚಿಯಾವ್ ಅಂತ ಎರಡು. ಒಂದರಲ್ಲಿ ಇಳಿದು ಇನ್ನೊಂದರಲ್ಲಿ ಹತ್ತುವ ಟಿಕೆಟ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಿ. ನಿಲ್ದಾಣ ಬಿಟ್ಟು ಹೊರಗೆ ಬರಬೇಕಾದರೆ ವೀಸಾ ಬೇಕೇ ಅನ್ನುವುದು ನಿಮ್ಮ ಪಾಸ್‌ಪೋರ್ಟ್ ಮೇಲೆ ನಿಂತಿದೆ. ದುಡ್ಡು ಕಟ್ಟುವ ಮುಂಚೆಯೇ ಆ ದೇಶದ ಸರ್ಕಾರಿ ಪುಟದಲ್ಲಿ ನೋಡಿ.

ಅಮೆರಿಕದ ಕಡೆಯಿಂದ

ಲಂಡನ್‌ನಿಂದ ಲಾಸ್ ಏಂಜಲೀಸ್‌ಗೆ 11 ಗಂಟೆ, ಅಲ್ಲಿಂದ ಸಿಡ್ನಿಗೆ 15. ಬರೀ ವಿಮಾನ ಬದಲಾಯಿಸುವವರೂ ಅಲ್ಲಿ ಇಮಿಗ್ರೇಷನ್ ದಾಟಬೇಕು, ವೀಸಾ ಅಥವಾ ಮುಂಗಡ ಅನುಮತಿ ಬೇಕೇ ಬೇಕು, ಲಗೇಜ್ ಎತ್ತಿ ಮತ್ತೆ ಒಪ್ಪಿಸಬೇಕು. ಅಮೆರಿಕದಲ್ಲಿ ಯಾರನ್ನಾದರೂ ನೋಡಿಕೊಂಡು ನಾಲ್ಕು ದಿನ ಇದ್ದು ಹೋಗುವುದಿದ್ದರೆ ಸರಿ. ಇಲ್ಲದಿದ್ದರೆ ಬಿಡಿ.

ಎಲ್ಲೂ ನಿಲ್ಲದೆ ಹೋಗುವುದು ಯಾವಾಗ?

ಹಾರಬಹುದು ಅಂತ ಆಗಲೇ ತೋರಿಸಿಕೊಟ್ಟಿದ್ದಾರೆ. 1989ರ ಆಗಸ್ಟ್‌ನಲ್ಲಿ ಕ್ವಾಂಟಾಸ್ ತನ್ನ ಹೊಸ 747-400 ವಿಮಾನವನ್ನು ಲಂಡನ್‌ನಿಂದ ಸಿಡ್ನಿಗೆ ನಿಲ್ಲಿಸದೆ ಒಯ್ದಿತು, 20 ಗಂಟೆ 9 ನಿಮಿಷ. ಟಿಕೆಟ್ ಕೊಂಡ ಪ್ರಯಾಣಿಕರು ಯಾರೂ ಇರಲಿಲ್ಲ. 2019ರ ನವೆಂಬರ್‌ನಲ್ಲಿ 787-9ರಲ್ಲಿ ಸುಮಾರು ಐವತ್ತು ಜನರನ್ನು ಕೂರಿಸಿಕೊಂಡು ಮತ್ತೆ ಹಾರಿದರು, 19 ಗಂಟೆ 19 ನಿಮಿಷ. ದಣಿವು, ನಿದ್ದೆ ಹೇಗಿರುತ್ತದೆ ಅಂತ ನೋಡುವುದೇ ಅದರ ಉದ್ದೇಶವಾಗಿತ್ತು.

ಹೀಗೆ ನಿಲ್ಲದೆ ಪ್ರಯಾಣಿಕರನ್ನು ಒಯ್ಯುವ ಕ್ವಾಂಟಾಸ್ ಯೋಜನೆಗೆ ಪ್ರಾಜೆಕ್ಟ್ ಸನ್‌ರೈಸ್ ಅಂತ ಹೆಸರು. ಇದರ ಹಿಂದೆ ನನಗೆ ತುಂಬಾ ಇಷ್ಟವಾದ ಕಥೆಯೊಂದಿದೆ. ಎರಡನೇ ಮಹಾಯುದ್ಧದಲ್ಲಿ ಸಿಂಗಪುರ ಜಪಾನಿನ ಕೈಗೆ ಹೋದ ಮೇಲೆ ಆಸ್ಟ್ರೇಲಿಯಾ ಮತ್ತು ಬ್ರಿಟನ್ ನಡುವಿನ ದಾರಿ ಕಡಿದುಹೋಯಿತು. 1943ರಿಂದ 1945ರವರೆಗೆ ಕ್ಯಾಟಲೀನಾ ಅನ್ನುವ ನೀರಿನ ಮೇಲೆ ಇಳಿಯುವ ವಿಮಾನಗಳು ಪರ್ತ್‌ನಿಂದ ಸಿಲೋನ್‌ಗೆ, ಅಂದರೆ ಇಂದಿನ ಶ್ರೀಲಂಕಾಕ್ಕೆ, ಎಲ್ಲೂ ಇಳಿಯದೆ 27ರಿಂದ 33 ಗಂಟೆ ಹಾರುತ್ತಿದ್ದವು. ಒಂದೇ ಪ್ರಯಾಣದಲ್ಲಿ ಎರಡು ಸಲ ಸೂರ್ಯೋದಯ. ಡಬಲ್ ಸನ್‌ರೈಸ್ ಅಂತಲೇ ಅದನ್ನು ಕರೆದರು. ಆ ಹೆಸರೇ ಈಗಿನ ಯೋಜನೆಗೆ ಬಂದದ್ದು.

2022ರಲ್ಲಿ ಕ್ವಾಂಟಾಸ್ ಇದಕ್ಕಾಗಿ ಏರ್‌ಬಸ್ ಎ350-1000 ಹನ್ನೆರಡು ವಿಮಾನಗಳಿಗೆ ಆರ್ಡರ್ ಕೊಟ್ಟಿತು. 20,000 ಲೀಟರ್‌ನ ಹೆಚ್ಚುವರಿ ಇಂಧನ ಟ್ಯಾಂಕ್, ಬರೀ 238 ಸೀಟು, 22 ಗಂಟೆವರೆಗೆ ಹಾರುವ ಶಕ್ತಿ. 2027ರಲ್ಲಿ ಪ್ರಯಾಣಿಕರನ್ನು ಒಯ್ಯಲು ಶುರು ಮಾಡುವುದು ಕಂಪನಿ ಹೇಳಿರುವ ಗುರಿ. ಸೀಟು ಕಡಿಮೆ ಇದ್ದಾಗ ದರ ಏರುವುದು ಸಹಜ. ಹಾರಾಟ ಸುಮಾರು 20 ಗಂಟೆ ಅಂದರೆ ಈಗಿನ 22–23ಕ್ಕಿಂತ ಎರಡು ಮೂರು ಗಂಟೆ ಉಳಿಯುತ್ತದೆ, ಅಷ್ಟೇ. ವ್ಯಾಪಾರಕ್ಕಾಗಿ ಓಡಾಡುವವರಿಗೆ ಅದು ದೊಡ್ಡದು. ಎಕಾನಮಿಯಲ್ಲಿ ನಮ್ಮ ದುಡ್ಡು ಹಾಕಿ ಹೋಗುವವರು ಆ ಎರಡು ಗಂಟೆಗಾಗಿ ಮಧ್ಯದ ವಿರಾಮವನ್ನು ಕಳೆದುಕೊಳ್ಳಬೇಕೇ ಅಂತ ಯೋಚಿಸಬೇಕು. ನಾನಂತೂ ವಿರಾಮ ಬಿಡುವುದಿಲ್ಲ.

ಬುಕ್ ಮಾಡುವ ಮುಂಚೆ

ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ದುಡ್ಡು ಉಳಿಸುವ ಆಸೆ ಎಲ್ಲರಿಗೂ ಆಗುತ್ತದೆ. ನಾನೂ ಒಮ್ಮೆ ಮಾಡಿದೆ. ಮೊದಲ ವಿಮಾನ ಎರಡು ಗಂಟೆ ತಡವಾಯಿತು, ಲಗೇಜ್ ಬೆಲ್ಟಿನ ಮೇಲೆ ಬರುವಷ್ಟರಲ್ಲಿ ಎರಡನೇ ವಿಮಾನದ ಚೆಕ್-ಇನ್ ಮುಚ್ಚಿತ್ತು. ಎರಡನೇ ಕಂಪನಿಯವರ ತಪ್ಪೇನೂ ಇರಲಿಲ್ಲ, ಅವರ ಪುಸ್ತಕದಲ್ಲಿ ನಾನು ಹೊತ್ತಿಗೆ ಬರದ ಪ್ರಯಾಣಿಕ. ಹೊಸ ಟಿಕೆಟ್‌ಗೆ ಕೊಟ್ಟದ್ದು ಉಳಿಸಿದ್ದರ ಮೂರು ಪಟ್ಟು. ಒಂದೇ ಬುಕಿಂಗ್ ನಂಬರಿನಲ್ಲಿ ಇದ್ದಿದ್ದರೆ ಮುಂದಿನ ವಿಮಾನಕ್ಕೆ ಅವರೇ ಹತ್ತಿಸುತ್ತಿದ್ದರು.

ಒಂದೇ ಬುಕಿಂಗ್‌ಗೆ ಇನ್ನೊಂದು ಬಲವೂ ಇದೆ. ಲಂಡನ್‌ನಿಂದ ಹೊರಡುವ ಯಾವ ದೇಶದ ವಿಮಾನಕ್ಕೂ ಬ್ರಿಟನ್ನಿನ ಪರಿಹಾರದ ಕಾನೂನು ಅನ್ವಯಿಸುತ್ತದೆ. ಮಧ್ಯದ ಊರಿನಲ್ಲಿ ವಿಮಾನ ತಪ್ಪಿ, ಸಿಡ್ನಿಗೆ ನಾಲ್ಕು ಗಂಟೆಗಿಂತ ತಡವಾಗಿ ಸೇರಿದರೆ, ಕಾರಣ ಕಂಪನಿಯ ಕೈಯಲ್ಲಿದ್ದದ್ದಾದರೆ 520 ಪೌಂಡ್ ಕೇಳಬಹುದು. ಹವಾಮಾನ, ಆಕಾಶ ಮುಚ್ಚಿದ್ದು ಇವಕ್ಕೆ ಸಿಗುವುದಿಲ್ಲ. ಸಿಡ್ನಿಯಿಂದ ವಾಪಸ್ ಬರುವಾಗ ಬ್ರಿಟನ್ ಅಥವಾ ಯುರೋಪಿಯನ್ ಒಕ್ಕೂಟದ ಕಂಪನಿಯ ವಿಮಾನದಲ್ಲಿದ್ದರೆ ಮಾತ್ರ ಈ ಹಕ್ಕು. ತುಂಬಾ ಜನಕ್ಕೆ ಗೊತ್ತಿಲ್ಲದೆ ಈ ದುಡ್ಡು ಬಿಟ್ಟುಬಿಡುತ್ತಾರೆ.

ಸಿಡ್ನಿಯ ರಾತ್ರಿ ನಿರ್ಬಂಧವನ್ನೂ ನೆನಪಿಡಿ. ಅಲ್ಲಿನ ನಿಲ್ದಾಣದಲ್ಲಿ ರಾತ್ರಿ 11ರಿಂದ ಬೆಳಗ್ಗೆ 6ರವರೆಗೆ ಮಾಮೂಲಿ ವಿಮಾನಗಳು ಇಳಿಯುವಂತಿಲ್ಲ, ಏರುವಂತಿಲ್ಲ. ಸುತ್ತಲಿನ ಮನೆಗಳವರ ನಿದ್ದೆಗಾಗಿ ಮಾಡಿದ ಕಾನೂನು. ಹಾಗಾಗಿ ಬೆಳಗ್ಗೆ ಆರು ಹೊಡೆದ ತಕ್ಷಣ ದೂರದ ದೇಶಗಳ ವಿಮಾನಗಳು ಒಂದರ ಹಿಂದೆ ಒಂದು ಇಳಿಯುತ್ತವೆ, ಇಮಿಗ್ರೇಷನ್ ಸಾಲು ಉದ್ದ ಬೆಳೆಯುತ್ತದೆ. ರಾತ್ರಿ ಹತ್ತರ ಸುಮಾರಿಗೆ ಹೊರಡುವ ವಿಮಾನದಲ್ಲಿ ಬುಕ್ ಮಾಡಿದ್ದು, ಅದು ಒಂದೂವರೆ ಗಂಟೆ ತಡವಾದರೆ, ಆ ರಾತ್ರಿ ಹೊರಡದೇ ಹೋಗುವ ಸಾಧ್ಯತೆ ಇದೆ. ಮುಂದೆ ಇನ್ನೊಂದು ವಿಮಾನ ಹಿಡಿಯಬೇಕಿದ್ದರೆ ಸಂಜೆ ನಾಲ್ಕೈದಕ್ಕೆ ಹೊರಡುವುದನ್ನೇ ಆರಿಸಿ.

ವಾಪಸ್ ಪ್ರಯಾಣಕ್ಕೆ ಬೇರೆ ಲೆಕ್ಕ ಬೇಕು. ಸಿಡ್ನಿಯಿಂದ ಸಂಜೆ ಬಿಟ್ಟರೆ ಸಿಂಗಪುರ ರಾತ್ರಿ, ಅಲ್ಲಿಂದ 14 ಗಂಟೆ ಕತ್ತಲನ್ನೇ ಬೆನ್ನಟ್ಟಿ ಹಾರಿ ಹೀಥ್ರೂವಿನಲ್ಲಿ ಇಳಿಯುವಾಗ ಬೆಳಗಿನ ಜಾವ ಐದು. ಚಳಿಗಾಲದಲ್ಲಾದರೆ ಇನ್ನೂ ಮೂರು ಗಂಟೆ ಬೆಳಕಿಲ್ಲ. ಮನೆ ಇದ್ದವರಿಗೆ ಚಿಂತೆ ಇಲ್ಲ. ಹೋಟೆಲ್‌ಗೆ ಹೋಗುವವರಿಗೆ ರೂಮು ಸಿಗುವುದು ಮಧ್ಯಾಹ್ನ ಎರಡು ಮೂರಕ್ಕೆ. 24 ಗಂಟೆ ಪ್ರಯಾಣ ಮಾಡಿ ಬಂದವರು ಇನ್ನೂ ಒಂಬತ್ತು ಗಂಟೆ ಲಗೇಜ್ ಕಾಯುತ್ತಾ ಕೂರುವುದು ದೊಡ್ಡ ಹಿಂಸೆ, ಅದರಲ್ಲೂ ಮಕ್ಕಳೋ ವಯಸ್ಸಾದವರೋ ಜೊತೆಗಿದ್ದರೆ. ಹಿಂದಿನ ರಾತ್ರಿಯಿಂದಲೇ ರೂಮು ಹಿಡಿದು, ಬೆಳಗಿನ ಜಾವ ಬರುತ್ತೇವೆ ಅಂತ ಹೋಟೆಲಿನವರಿಗೆ ಬರೆದು ತಿಳಿಸಿಡಿ. ಇಲ್ಲವೇ ಸಿಂಗಪುರದಲ್ಲೇ ಒಂದು ರಾತ್ರಿ ಮಲಗಿ, ಅಲ್ಲಿಂದ ಬೆಳಗಿನ ವಿಮಾನ ಹಿಡಿದು, ಅದೇ ದಿನ ಮಧ್ಯಾಹ್ನದ ಬೆಳಕಿನಲ್ಲಿ ಲಂಡನ್‌ನಲ್ಲಿ ಇಳಿಯಿರಿ.